ತಟ್ಟೆ ಬೇರೆ ಮಾಡಿದೆ

ಕಫದಲ್ಲಿ ಟಿಬಿ ಇದೆ ಅಂತ ಗೊತ್ತಾದ ದಿನ ಮೊದಲು ನನ್ನ ತಟ್ಟೆ, ಲೋಟ ಬೇರೆ ಮಾಡಿದೆ. ಯಾರೂ ಹೇಳಲಿಲ್ಲ. ರೇಷ್ಮೆ ಸಾಕುವವರಿಗೆ ಹೇಳಿಕೊಡಬೇಕೇ? ರೋಗ ಬಿದ್ದ ಹುಳವನ್ನು ಆರಿಸಿ ಸುಣ್ಣದ ನೀರಿಗೆ ಹಾಕುತ್ತೇವೆ, ಇಲ್ಲದಿದ್ದರೆ ಹುಳ ಸಾಕುವ ತಟ್ಟೆಗೆ ತಟ್ಟೆಯೇ ಹೋಗುತ್ತದೆ. ಮನುಷ್ಯರ ತಟ್ಟೆಯೂ ಹಾಗೇ ಅಂದುಕೊಂಡೆ.

ರೇಷ್ಮೆ ಗೂಡು ಮಾರಿ ಹುಳದ ಮನೆ ಖಾಲಿಯಿತ್ತು. ಚಾಪೆ ಎತ್ತಿಕೊಂಡು ಅಲ್ಲಿಗೆ ಹೋದೆ.

"ಅತ್ತೆ, ಅಲ್ಲಿ ಉಸಿರು ಕಟ್ಟುತ್ತೆ. ಹುಳ ಕೊಲ್ಲೋ ಊಜಿ ನೊಣ ಬರಬಾರ್ದು ಅಂತ ಕಿಟಕಿಗೆಲ್ಲ ಪ್ಲಾಸ್ಟಿಕ್ ಹೊಡ್ದಿದೀವಿ," ಅಂದಳು ಸೊಸೆ.

"ನಾನೇನು ನೊಣನಾ? ಹೋಗೇ, ನಿನ್ ಕೆಲಸ ನೋಡು."

ಮೊಮ್ಮಗಳಿಗೆ ನಾಲ್ಕು ವರ್ಷ. ಮಧ್ಯಾಹ್ನ ಸೊಸೆ ಹಿಪ್ಪುನೇರಳೆ ತೋಟಕ್ಕೆ ಹೋದರೆ ಇವಳು ಬಂದು ನನ್ನ ಮಡಿಲಲ್ಲಿ ಕೂರುತ್ತಿದ್ದಳು. ನನ್ನ ತಟ್ಟೆ ಮುಟ್ಟಿದರೆ ಕೈಗೊಂದು ಏಟು. ಮುಟ್ಟದಿದ್ದರೆ ಕೂತಿರಲಿ ಎಂದು ಬಿಡುತ್ತಿದ್ದೆ. ಕೆಮ್ಮು ಬಂದರೆ ಅವಳ ನೆತ್ತಿಯ ಮೇಲೆಯೇ ಕೆಮ್ಮುತ್ತಿದ್ದೆ. ಎಷ್ಟು ಹುಷಾರಾಗಿದ್ದೇನೆ ಎಂಬ ಜಂಬ ಬೇರೆ.

ಹತ್ತು ದಿನವಾಗಿರಬೇಕು, ಮಾತ್ರೆ ವಿಚಾರಿಸಲು ಆಶಾ ಕಾರ್ಯಕರ್ತೆ ಬಂದಳು. ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಳು.

"ಅಜ್ಜಿ, ಮಗು ಇಲ್ಲೇನ್ ಮಾಡ್ತಿದೆ?"

"ನನ್ ತಟ್ಟೆ ಮುಟ್ಟಿಲ್ಲ ಕಣಮ್ಮ. ಬೂದಿ ಹಾಕಿ ನಾನೇ ತಿಕ್ತೀನಿ."

"ತಟ್ಟೆ ಹಾಳಾಗ್ಲಿ. ಇದು ತಟ್ಟೆಯಿಂದ ಬರಲ್ಲ. ನೀವು ಕೆಮ್ಮಿದ್ದು ಗಾಳೀಲಿ ನಿಲ್ಲುತ್ತೆ, ಆ ಗಾಳೀನ ಮಗು ಎಳ್ಕೊಳ್ಳುತ್ತೆ. ನೊಣ ಒಳಗೆ ಬರ್ದಂಗೆ ಮಾಡಿದೀರ, ಸರಿ. ನಿಮ್ ಕೆಮ್ಮು ಹೊರಗೆ ಹೋಗೋಕೆ ದಾರಿ ಎಲ್ಲಿದೆ?"

ಅವಳೇ ಕುಡುಗೋಲು ತಗೊಂಡು ಹೊರಗಿನಿಂದ ಪ್ಲಾಸ್ಟಿಕ್ ಹರಿದಳು. ಆ ವಾರ ಮಗುವೂ ಕೆಮ್ಮುತ್ತಿತ್ತು. ಹುಣಸೆಹಣ್ಣು ತಿಂದಿದ್ದಾಳೆ ಎಂದು ಸುಮ್ಮನಿದ್ದೆ. ಈಗ ಅವಳಿಗೆ ಹೇಳಿದೆ; ನಾಳೆಯೇ ಎಕ್ಸ್‌ರೇ ತೆಗೆಸಿ ಅಂದಳು.

ಮರುದಿನ ಸೊಸೆ ಮಗುವನ್ನು ಶ್ರೀನಿವಾಸಪುರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಮನೆ ಮುಂದಿನ ಹೊಂಗೆ ಮರದ ಕೆಳಗೆ ಕೂತೆ. ಎರಡು ಬಸ್ಸು ಬಂದವು, ಅವರು ಇಳಿಯಲಿಲ್ಲ. ಎಕ್ಸ್‌ರೇ ತೆಗೆಯಲು ಇಷ್ಟು ಹೊತ್ತೇ? ಆ ಮಗುವಿನ ಎದೆ ನನ್ನ ಅಂಗೈಯಗಲ ಇಲ್ಲ. ಹುಳದ ಮನೆಯ ಗೋಡೆಯ ಪಕ್ಕ ಸುಣ್ಣದ ನೀರಿನ ಬಕೆಟ್ ಕಾಣುತ್ತಿತ್ತು. ಎದ್ದು ಹೋಗಿ ಚೆಲ್ಲಿ ಬೋರಲು ಹಾಕಿದೆ.

ಮೂರನೇ ಬಸ್ಸಿಗೆ ಬಂದರು. ಸೊಸೆ ದೂರದಲ್ಲೇ ನಿಂತಳು.

"ಈಗ ಕಾಯಿಲೆ ಇಲ್ವಂತೆ. ಆದ್ರೆ ರೋಗದ ಕ್ರಿಮಿ ಒಳಗೆ ಸೇರ್ಕೊಂಡಿರಬಹುದಂತೆ. ಮುಂದೆ ಬರ್ದಂಗೆ ಇವಳಿಗೂ ಮಾತ್ರೆ ಕೊಟ್ಟಿದಾರೆ."

"ಎಷ್ಟು ದಿನ?"

"ದಿನ ಅಲ್ಲ, ತಿಂಗಳು."

ಈಗ ಬೆಳಿಗ್ಗೆ ನಾನು ಮರದ ಕೆಳಗೆ, ಮೊಮ್ಮಗಳು ಹೊಸ್ತಿಲ ಮೇಲೆ. "ಫಸ್ಟು ನೀನು ನುಂಗು. ಬಾಯಿ ತೆಗಿ," ಎಂದು ಅಲ್ಲಿಂದಲೇ ಕೂಗುತ್ತಾಳೆ. ತೆಗೆದು ತೋರಿಸುತ್ತೇನೆ. ಆಮೇಲೆ ಅವಳು ಮುಖ ಕಿವುಚಿಕೊಂಡು ತನ್ನದನ್ನು ನುಂಗುತ್ತಾಳೆ. ಒಂದು ಸಲ ಕೆಮ್ಮಿದಳೆಂದರೆ ನನ್ನ ಕೈ ಕೆಲಸ ನಿಲ್ಲುತ್ತದೆ. ಇನ್ನೊಂದು ಕೆಮ್ಮು ಬರುತ್ತದೋ ಎಂದು ಕೇಳಿಸಿಕೊಳ್ಳುತ್ತಾ ಕೂರುತ್ತೇನೆ.