ಹರಕುಕಿವಿ ನನ್ನ ಕೈ ಹಿಡಿದದ್ದು

ಪ್ರಾಣಿಗಳ ಬಗ್ಗೆ ಜನ ಹೇಳುವ ಪವಾಡದ ಕಥೆಗಳನ್ನು ನಾನು ನಂಬಿದವಳಲ್ಲ. ಯಜಮಾನ ಸತ್ತ ದಿನ ನಾಯಿ ಊಟ ಬಿಟ್ಟಿತಂತೆ, ಹಸು ಕಣ್ಣೀರು ಹಾಕಿತಂತೆ ಎಂದು ಯಾರಾದರೂ ಶುರು ಮಾಡಿದರೆ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಇಪ್ಪತ್ತು ವರ್ಷದಿಂದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಪ್ರಾಣಿಗಳಿಗೆ ಮನುಷ್ಯರ ಭಾವನೆಗಳನ್ನು ಅಂಟಿಸಬೇಡಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವಳು ನಾನೇ. ಈಗಲೂ ಹೇಳುತ್ತೇನೆ, ದನಿ ಮಾತ್ರ ಮೊದಲಿನಷ್ಟು ಗಟ್ಟಿಯಾಗಿ ಬರುವುದಿಲ್ಲ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆಂದು ಓದುವವರಿಗೆ ಮೊದಲೇ ತಿಳಿದಿರಲಿ. ಎರಡು ವರ್ಷವಾದರೂ ಅದು ಇಳಿದಿಲ್ಲ.

ನಮ್ಮದು ಬ್ಯಾಟರಾಯನಪುರದಲ್ಲಿ ಒಂಬತ್ತು ಮನೆಗಳ ಮೂರಂತಸ್ತಿನ ಕಟ್ಟಡ. ಹಿಂದೆ ಸ್ವಲ್ಪ ದೂರದಲ್ಲೇ ದೊಡ್ಡ ಮರಗಳ ಸಾಲಿದೆ. ಅಲ್ಲಿಂದ ಕೋತಿಗಳ ಒಂದು ಹಿಂಡು ಬೆಳಗಿನ ಹೊತ್ತು ನಮ್ಮ ಟೆರೇಸಿಗೆ ಬರುತ್ತಿತ್ತು. ಬಟ್ಟೆ ಹಾಕಲು ಹತ್ತಿದಾಗಲೂ ಅಡುಗೆಮನೆ ಕಿಟಕಿಯಿಂದಲೂ ನೋಡಿ ನೋಡಿ ನನಗೆ ಒಂದೊಂದರ ಸ್ವಭಾವವೂ ಗೊತ್ತಾಗಿತ್ತು. ದೊಡ್ಡ ಗಂಡು ಹೊಟ್ಟೆಬಾಕ, ಆದರೆ ಪೊರಕೆ ಕಂಡರೆ ಮೊದಲು ಓಡುವುದೇ ಅದು. ಒಂದು ಮರಿಗೆ ನಲ್ಲಿ ತಿರುಗಿಸುವ ಚಟ. ಎಡಗಿವಿ ಹರಿದ ಒಂದು ಹೆಣ್ಣಿತ್ತು, ಅದಕ್ಕೆ ಹರಕುಕಿವಿ ಎಂದು ಹೆಸರಿಟ್ಟಿದ್ದೆ. ಅಷ್ಟು ಪುಕ್ಕಲು ಕೋತಿಯನ್ನು ನಾನು ನೋಡಿಲ್ಲ. ಉಳಿದವು ಕೈಯಿಂದ ಬಾಳೆಹಣ್ಣು ಕಿತ್ತುಕೊಂಡರೆ ಇದು ನೀರಿನ ಟ್ಯಾಂಕಿನ ಹಿಂದೆ ಕೂತು ಸಿಪ್ಪೆಗೆ ಕಾಯುತ್ತಿತ್ತು. ಮನುಷ್ಯರಿಂದ ಇಪ್ಪತ್ತು ಅಡಿ ದೂರ ಇದ್ದೇ ಇರುತ್ತಿತ್ತು.

ಕಾಟವೇನೂ ಕಡಿಮೆ ಇರಲಿಲ್ಲ. ಪೈಪು ಮುರಿಯುತ್ತಿದ್ದವು, ಹೂಕುಂಡ ಉರುಳಿಸುತ್ತಿದ್ದವು, ನನ್ನ ಮಗಳ ಸ್ಕೂಲ್ ಯೂನಿಫಾರಂ ಹರಿದು ಎಸೆದಿದ್ದವು. ಕೊನೆಗೆ ಒಂದು ಸಭೆಯಲ್ಲಿ ನಮ್ಮ ಕಟ್ಟಡದ ಸಂಘದ ಅಧ್ಯಕ್ಷ ಗೋವಿಂದರಾಜು ಒಂದು ಉಪಾಯ ತಂದರು. ಟೆರೇಸಿನ ಗೋಡೆಯ ಮೇಲೆ ಸುತ್ತಲೂ ತಂತಿ ಎಳೆದು ಕರೆಂಟ್ ಕೊಡುವುದು. "ಸಣ್ಣ ಶಾಕ್ ಕಣ್ರೀ. ಒಂದ್ಸಲ ಮುಟ್ಟಿದ್ರೆ ಜನ್ಮದಲ್ಲಿ ಈ ಕಡೆ ತಲೆ ಹಾಕಲ್ಲ. ಬೆಳಗ್ಗೆ ಆರರಿಂದ ಎಂಟು ಗಂಟೆವರ್ಗೂ ಅಷ್ಟೇ, ಆಮೇಲೆ ನಾನೇ ಆಫ್ ಮಾಡ್ತೀನಿ" ಎಂದರು. ಮನೆಯ ಕರೆಂಟನ್ನೇ ನೇರ ತಂತಿಗೆ ಕೊಟ್ಟರೆ ಏನಾಗುತ್ತದೆ ಎಂದು ಆ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಬಿಸ್ಕತ್ತು ತಿನ್ನುತ್ತಾ ಕೂತಿದ್ದೆ. ಯೂನಿಫಾರಂ ನೆನಪಾಗುತ್ತಿತ್ತು. ಬಾಯಿ ಬಿಡಲಿಲ್ಲ.

ಎರಡನೇ ವಾರ ಹರಕುಕಿವಿಯ ಮರಿ ಆ ತಂತಿಗೆ ಸತ್ತಿತು. ಹುಟ್ಟಿ ತಿಂಗಳೂ ಆಗಿರಲಿಲ್ಲ.

ಸತ್ತ ಮರಿಯನ್ನು ತಾಯಿಕೋತಿ ಹೊತ್ತು ತಿರುಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಪಾಠದಲ್ಲಿ ಹೇಳಿಯೂ ಇದ್ದೆ. ಕಣ್ಣಿಂದ ನೋಡಿದ್ದು ಆಗಲೇ. ಮೂರು ದಿನ ಅದು ಮರಿಯನ್ನು ಒಂದು ಕೈಯಲ್ಲಿ ಅವಚಿಕೊಂಡು ಮೂರು ಕಾಲಲ್ಲಿ ಓಡಾಡಿತು. ನೊಣ ಓಡಿಸುತ್ತಿತ್ತು, ಕೂದಲು ಬಿಡಿಸಿ ಹೇನು ನೋಡುತ್ತಿತ್ತು. ಎರಡನೇ ದಿನ ನನ್ನ ಅಡುಗೆಮನೆಯ ಎದುರಿನ ಸಜ್ಜಾದ ಮೇಲೆ ಬಂದು ಕೂತಿತು. ನಾನು ಪರದೆ ಎಳೆದೆ.

ಎದುರುಮನೆಯ ಷಬೀನಾ ಬಂದಳು. "ಅಕ್ಕಾ, ಅದನ್ನ ನೋಡಿದ್ರೆ ನಂಗೆ ಅನ್ನ ಸೇರ್ತಿಲ್ಲ. ನೀವು ಓದಿದೋರು, ಅವ್ರಿಗೆ ಒಂದ್ ಮಾತು ಹೇಳಿ" ಎಂದಳು. ಹೋದೆ. ಗೋವಿಂದರಾಜು ಬಾಗಿಲಲ್ಲೇ ನಿಂತು, "ಒಂದು ಹೋದ್ರೆ ಉಳಿದೋವ್ಕೆ ಬುದ್ಧಿ ಬರತ್ತೆ ಬಿಡಿ ಮೇಡಂ" ಎಂದರು. ನಾನು ವಾಪಸು ಬಂದೆ. ನಾನು ಮಾಡಿದ್ದು ಅಷ್ಟೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಬಿಟ್ಟು ಮುಂದಿನದನ್ನು ಹೇಳಿದರೆ ಸುಳ್ಳಾಗುತ್ತದೆ.

ಆಮೇಲೆ ತಿಂಗಳ ಮೇಲಾಗಿರಬೇಕು. ಏಪ್ರಿಲ್ ಕೊನೆ, ಹಿಂದಿನ ದಿನ ಸಂಜೆ ಜೋರು ಗಾಳಿಮಳೆ ಬಂದಿತ್ತು. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಒಗೆದ ಬಟ್ಟೆಯ ಬಕೆಟ್ ಹಿಡಿದು ಬರಿಗಾಲಲ್ಲಿ ಟೆರೇಸಿಗೆ ಹತ್ತಿದೆ. ಕಬ್ಬಿಣದ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಹರಕುಕಿವಿ ಕೂತಿತ್ತು. ಒಂದೇ ಒಂದು. ಹಿಂಡಿನ ಸುಳಿವೇ ಇರಲಿಲ್ಲ.

ಹುಶ್ ಎಂದೆ. ಕದಲಲಿಲ್ಲ. ಬಕೆಟ್ಟನ್ನು ನೆಲಕ್ಕೆ ಕುಕ್ಕಿ ಸದ್ದು ಮಾಡಿದೆ. ಅದಕ್ಕೂ ಕದಲಲಿಲ್ಲ. ಪಕ್ಕದಿಂದ ದಾಟೋಣವೆಂದು ಬಕೆಟ್ ಎತ್ತಿಕೊಂಡು ಕಾಲು ಮುಂದಿಟ್ಟೆ. ಆಗ ಅದು ಎದ್ದು ನಿಂತು ನನ್ನ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತು.

ಪರಚಲಿಲ್ಲ. ಕಚ್ಚುವ ಮೊದಲು ಕೋತಿ ಹಲ್ಲು ಕಿರಿಯುತ್ತದೆ, ಹುಬ್ಬು ಏರಿಸುತ್ತದೆ. ಅದ್ಯಾವುದೂ ಇರಲಿಲ್ಲ. ಅಂಗೈ ತಣ್ಣಗಿತ್ತು, ಒರಟಾಗಿತ್ತು, ಹಿಡಿತ ಬಿಗಿಯಾಗಿತ್ತು. ಒಮ್ಮೆ ನನ್ನ ಮುಖ ನೋಡಿತು. ಆಮೇಲೆ ತಲೆ ತಿರುಗಿಸಿ ಬಟ್ಟೆ ಒಣಗಿಸುವ ತಂತಿಯ ಕಡೆ ನೋಡುತ್ತಾ ನಿಂತಿತು. ಕೈ ಬಿಡಲಿಲ್ಲ. ಅರ್ಧ ನಿಮಿಷವೋ, ಇನ್ನೂ ಜಾಸ್ತಿಯೋ, ಹೇಳಲಾರೆ. ನಾನು ಒಂದು ಮೆಟ್ಟಿಲು ಹಿಂದೆ ಇಳಿದ ಮೇಲೆ ಬಿಟ್ಟಿತು. ಬಿಟ್ಟು ಮತ್ತೆ ಹೊಸ್ತಿಲ ಮೇಲೇ ಕೂತಿತು.

ಕೆಳಗೆ ಬಂದು ಷಬೀನಾಳ ಬಾಗಿಲು ಬಡಿದೆ. ಅವಳ ಗಂಡ ಇಮ್ತಿಯಾಜ್ ಎಸಿ ರಿಪೇರಿ ಮಾಡುವವನು, ಅವತ್ತು ಮನೆಯಲ್ಲಿದ್ದ. ಕೋತಿ ಓಡಿಸು ಬಾ ಎಂದೆ. ಅವನು ಕೋಲು ಹಿಡಿದು ನನ್ನ ಮುಂದೆ ಹತ್ತಿದ. ಹೊಸ್ತಿಲು ಖಾಲಿ. ಅದು ಟ್ಯಾಂಕಿನ ಮೇಲೆ ಹೋಗಿ ಕೂತಿತ್ತು. ಇಮ್ತಿಯಾಜ್ ಒಂದು ಹೆಜ್ಜೆ ಇಡಲು ಹೋದವನು ಹಾಗೇ ನಿಂತ.

"ಅಕ್ಕಾ, ಬರ್ಬೇಡಿ. ಕಾಲು ಇಡ್ಬೇಡಿ."

ಗೋಡೆಯ ಮೇಲಿನ ತಂತಿ ಗಾಳಿಗೆ ತುಂಡಾಗಿ, ಅದರ ತುದಿ ನಾವು ಬಟ್ಟೆ ಹಾಕುವ ಸ್ಟೀಲ್ ತಂತಿಯ ಮೇಲೆ ಬಿದ್ದಿತ್ತು. ನೆಲದಲ್ಲಿ ಮಳೆನೀರು ನಿಂತಿತ್ತು. ಅವನು ಕೆಳಗೆ ಓಡಿ ರಬ್ಬರ್ ಬೂಟು ಹಾಕಿಕೊಂಡು, ಟೆಸ್ಟರ್ ತಂದು, ಬಟ್ಟೆಯ ತಂತಿ ಕಟ್ಟಿದ್ದ ಬಾಗಿಲ ಪಕ್ಕದ ಕಬ್ಬಿಣದ ಕಂಬಕ್ಕೆ ತಾಗಿಸಿದ. ದೀಪ ಹತ್ತಿತು. "ಈ ಕಂಬ ಮುಟ್ಟಿದ್ರೂ ಹೋಗ್ಬಿಡ್ತಿದ್ರಿ ಅಕ್ಕಾ" ಎಂದ. ಗಂಟೆ ಹತ್ತು ದಾಟಿತ್ತು. ಎಂಟಕ್ಕೆ ಆಫ್ ಆಗಬೇಕಾಗಿದ್ದ ಸ್ವಿಚ್ಚಿಗೆ ಗೋವಿಂದರಾಜು ಟೇಪ್ ಸುತ್ತಿದ್ದರು. ಯಾರೂ ಆರಿಸಬಾರದೆಂದು. ಇಮ್ತಿಯಾಜ್ ಅದನ್ನು ಕಿತ್ತು ಸ್ವಿಚ್ ಆರಿಸಿದ.

ನನಗೆ ಮೈ ಉರಿದದ್ದು ಅವತ್ತು ಸಂಜೆ. ಇಷ್ಟರಲ್ಲಿ ಕಟ್ಟಡದ ತುಂಬ ಸುದ್ದಿ ಹಬ್ಬಿ, ಆಂಜನೇಯಸ್ವಾಮಿಯೇ ಬಂದು ಟೀಚರಮ್ಮನ್ನ ಕಾಪಾಡಿದ ಎಂದಾಗಿತ್ತು. ಟೆರೇಸಿನ ಬಾಗಿಲ ಮೇಲೆ ಗೋವಿಂದರಾಜು ಆಂಜನೇಯನ ಫೋಟೋ ಹೊಡೆಸಿ, ಹಾರ ಹಾಕಿ, ಊದುಬತ್ತಿ ಹಚ್ಚುತ್ತಿದ್ದರು. ತಪ್ಪಾಯಿತು ಎಂಬ ಒಂದು ಮಾತಿಲ್ಲ. ನನ್ನನ್ನು ಕಂಡು ಕೈ ಮುಗಿದು, "ಪುಣ್ಯ ಮಾಡಿದೀರಿ ಮೇಡಂ" ಎಂದರು.

ಅದು ಹೆಣ್ಣು ಕೋತಿ, ನೀವು ಮರಿ ಕೊಂದಿರಲ್ಲ ಅದೇ ತಾಯಿ ಎಂದೆ.

"ದೇವ್ರು ಯಾವ್ ರೂಪದಲ್ಲಾದ್ರೂ ಬರ್ತಾನೆ."

"ಹಂಗಾದ್ರೆ ದೇವರ ಮಗೂನ ಕೊಂದೋರು ಯಾರು ಗೋವಿಂದರಾಜು ಅವರೇ?"

ಒಂಬತ್ತು ಮನೆಯವರೂ ಮೆಟ್ಟಿಲ ಮೇಲೆ ನಿಂತಿದ್ದರು. ಗೋವಿಂದರಾಜು ಊದುಬತ್ತಿ ಸಿಕ್ಕಿಸಿ, ಕೆಳಗಿಳಿದು ತಮ್ಮ ಮನೆಯ ಬಾಗಿಲು ಹಾಕಿಕೊಂಡರು. ನಾನೂ ಇಮ್ತಿಯಾಜನೂ ತಂತಿಯನ್ನೆಲ್ಲ ಕಿತ್ತು ಸುತ್ತಿ ಅವರ ಬಾಗಿಲ ಮುಂದೆ ಎಸೆದೆವು. ಅವತ್ತಿನಿಂದ ಆ ಮನೆಯವರ ಜೊತೆ ನನಗೆ ಮಾತಿಲ್ಲ. ಹರಕುಕಿವಿಯನ್ನು ಮತ್ತೆ ನಾನು ನೋಡಲಿಲ್ಲ. ಹಿಂಡು ಬರುತ್ತದೆ, ಅದರಲ್ಲಿ ಅದು ಇಲ್ಲ.

ಯೋಚನೆ ಮಾಡದೆ ಬಿಟ್ಟಿಲ್ಲ. ಅವತ್ತು ಬೆಳಗ್ಗೆ ಯಾವುದೋ ಕೋತಿಗೆ ಆ ಸ್ಟೀಲ್ ತಂತಿಯಿಂದ ಶಾಕ್ ಹೊಡೆದಿರಬಹುದು, ಅದನ್ನು ಇದು ನೋಡಿರಬಹುದು. ನೆಲವೆಲ್ಲ ನೀರಿದ್ದದ್ದಕ್ಕೆ ಒಣ ಹೊಸ್ತಿಲಲ್ಲಿ ಕೂತಿರಬಹುದು. ನಾನು ಬಕೆಟ್ ಎತ್ತಿದ್ದಕ್ಕೆ ಹೆದರಿ ಕೈ ಹಿಡಿದಿರಬಹುದು. ನನ್ನ ವಿದ್ಯಾರ್ಥಿಗಳು ಈ ಉತ್ತರ ಬರೆದರೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಮನುಷ್ಯರ ನೆರಳಿಗೇ ಓಡುವ ಪ್ರಾಣಿ ಹೆದರಿಕೆಯಾದಾಗ ಮನುಷ್ಯರ ಕೈಯನ್ನೇ ಯಾಕೆ ಹಿಡಿಯಿತು ಎಂಬುದಕ್ಕೆ ಆ ಉತ್ತರದಲ್ಲಿ ಜಾಗವಿಲ್ಲ.

ನನ್ನನ್ನು ತಡೆಯಿತೋ, ಸುಮ್ಮನೆ ಹಿಡಿದುಕೊಂಡಿತೋ, ಇವತ್ತಿಗೂ ಗೊತ್ತಿಲ್ಲ. ತಡೆದದ್ದೇ ಹೌದಾದರೆ, ಯಾಕೆ ತಡೆಯಿತು ಎಂಬುದಂತೂ ನನ್ನ ಬುದ್ಧಿಗೆ ನಿಲುಕುವುದಿಲ್ಲ. ನನ್ನ ಮಗಳೇ ಆ ತಂತಿಗೆ ಸಿಕ್ಕಿ ಸತ್ತಿದ್ದು, ತಿಂಗಳ ಮೇಲೆ ಅದೇ ಕಟ್ಟಡದವರು ಯಾರಾದರೂ ಬರಿಗಾಲಲ್ಲಿ ಆ ಕಡೆ ನಡೆದು ಬಂದಿದ್ದರೆ, ನಾನು ಎದ್ದು ದಾರಿ ಬಿಟ್ಟುಕೊಡುತ್ತಿದ್ದೆ.