ನಡುನೀರಿನ ಮೋಟಾರು

ಹೇಮಾವತಿ ಹಿನ್ನೀರಿನಲ್ಲಿ ನಮ್ಮನ್ನು ದಾಟಿಸುತ್ತಿದ್ದ ದೋಣಿಯವನು ತನ್ನ ಹಳೆಯ ಮೋಟಾರನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಏನು ಕೆಟ್ಟರೂ ತಾನೇ ಬಿಚ್ಚುತ್ತಿದ್ದ. ಬೀಡಿಯಂತೆ ಕಿವಿಗೊಂದು ಮೊಳೆ ಸಿಕ್ಕಿಸಿಕೊಂಡಿರುತ್ತಿದ್ದ. ಎಡಕಿವಿಯೋ ಬಲಕಿವಿಯೋ, ನನ್ನ ನೆನಪನ್ನು ನಾನೇ ನಂಬಲಾರೆ.

ಅರಕಲಗೂಡಿನ ಕಡೆಯ ಶಾಲೆಗೆ ಪಾಠ ಮಾಡಲು ಹೊರಟಿದ್ದ ಒಂದು ಬೆಳಿಗ್ಗೆ, ಮೋಟಾರಿನ ಫ್ಯಾನು ನೀರೊಳಗಿನ ಮರದ ಬೊಡ್ಡೆಗೆ ಬಡಿದು ಅದನ್ನು ಹಿಡಿದಿದ್ದ ಪಿನ್ನು ಮುರಿಯಿತು. ಗಾಳಿಗೆ ಅಡ್ಡ ತಿರುಗಿದ ದೋಣಿಯೊಳಕ್ಕೆ ನೀರು ಎರಚತೊಡಗಿತು. ಹೆಂಗಸೊಬ್ಬಳು ಮಗುವನ್ನು ಸೆರಗಿನಿಂದ ಮೈಗೆ ಕಟ್ಟಿಕೊಂಡಳು.

“ಇದೇನ್ ಮಹಾ ಬುಡಿ,” ಎಂದು ಯಾವಾಗಿನ ಮಾತನ್ನೇ ಆಡಿ, ಪಿನ್ನಿನ ಜಾಗಕ್ಕೆ ಮೊಳೆ ತೂರಿಸಲು ಅವನು ನೀರಿನ ಮೇಲೆ ಬಾಗಿದ. ನಾನು ಅವನ ಸೊಂಟ ಹಿಡಿದೆ.

“ಈಜು ಬತ್ತದಾ ಸಾ?”

“ಇಲ್ಲ ಕಣಯ್ಯ.”

“ಅಂಗಾರೆ ಗಟ್ಯಾಗಿ ಇಡ್ಕಳಿ. ನಂಗೂ ಬರಾಕಿಲ್ಲ.”

“ದೋಣಿಯವನಿಗೇ ಈಜು ಬರಲ್ವ!” ನನ್ನ ಧ್ವನಿ ಕೀರಲಾಗಿತ್ತು.

“ಈ ನೀರ್ ಕೆಳಗೆ ನಮ್ ಒಲ ಐತೆ ಸಾ. ಉಳಾದ್ ಕಲ್ತಿದ್ದೆ, ಈಜಾದ್ ಯಾರ್ ಯೋಳ್ಕೊಟ್ರು?”

ಕೊನೆಗೂ ಮೊಳೆ ಕೂತಿತು, ಮೋಟಾರು ಹತ್ತಿಕೊಂಡಿತು. “ಬುಡಿ ಸಾ,” ಎಂದ. ನನ್ನ ಬೆರಳುಗಳು ಬಿಡಲಿಲ್ಲ. ಅವನೇ ಒಂದೊಂದಾಗಿ ಬಿಡಿಸಿದ. ಆಮೇಲೆ ಮೊಳೆಯಿಲ್ಲದ ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೊಂಡ.