ವಾರಿಜಕ್ಕನ ಪರ್ಸೆಂಟ್

ಹಲಗೆಯ ನಡುವೆ ಎರಡು ಮೊಳೆಗಳು ಮೊನೆ ಮೇಲಾಗಿ ನಿಂತಿದ್ದವು. ವಾರಿಜಕ್ಕ ನೀರುಳ್ಳಿಯನ್ನು ಅವುಗಳಿಗೆ ಚುಚ್ಚಿ ನಿಲ್ಲಿಸಿ ಬಲಗೈಯಿಂದ ಸರಸರನೆ ಹೆಚ್ಚುತ್ತಿದ್ದರು. ಎಡಗೈ ಮಡಿಲಲ್ಲಿ ಬೇರೆ ಯಾರದ್ದೋ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಆ ಹಲಗೆಯನ್ನು ಬಹರೈನಿನ ಸಲ್ಮಾಬಾದಿನ ಬಡಗಿಯೊಬ್ಬನಿಂದ ಮಾಡಿಸಿ ತಂದವನು ನಾನು. ನನ್ನ ಕಚೇರಿ ಇರುವುದೂ ಅಲ್ಲೇ.

ರಿಫಾ ಪಟ್ಟಣದಲ್ಲಿ ನಮ್ಮ ಮೇಲಿನ ಫ್ಲ್ಯಾಟ್ ಅವರ ತಮ್ಮ ದಿನಕರನದು. ಕುಂದಾಪುರದ ಕಡೆಯ ಈ ಅಕ್ಕ ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದರು. ಕೊರೋನಾ ಕಾಲದಲ್ಲಿ ದಿನವಿಡೀ ಜನರಿಗೆ ಲಸಿಕೆ ಹಾಕಿದ್ದರು, ತಾವೂ ಹಾಕಿಸಿಕೊಂಡಿದ್ದರು. ಎರಡು ವಾರದ ನಂತರ ತಲೆನೋವು ಬಂತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಎಡಗೈ ಹೋಯಿತು, ಎಡಗಾಲು ಎಳೆಯತೊಡಗಿತು, ಕೆಲಸವೂ ಹೋಯಿತು. ಗಂಡನಿಲ್ಲದ ಅಕ್ಕನನ್ನು ತಮ್ಮ ಬಹರೈನಿಗೆ ಕರೆಸಿಕೊಂಡ.

ಅವರು ಲಸಿಕೆಯನ್ನು ಬೈದದ್ದು ನಾನು ಕೇಳಿಲ್ಲ. “ನಾನು ಹಾಕಿದವರೆಲ್ಲ ಚೆನ್ನಾಗಿದ್ದಾರೆ. ನನಗೆ ಆಗಿ ಬರಲಿಲ್ಲ, ಅಷ್ಟೆ” ಎನ್ನುತ್ತಿದ್ದರು.

ಲಸಿಕೆಯಿಂದ ಹೀಗಾದವರಿಗೆ ಇಂಗ್ಲೆಂಡಿನ ಸರಕಾರ ಪರಿಹಾರ ಕೊಡುತ್ತದೆ. ಆದರೆ ನೂರಕ್ಕೆ ಅರವತ್ತರಷ್ಟಾದರೂ ಅಂಗವೈಕಲ್ಯ ಇರಬೇಕು. ಒಂದು ಪರ್ಸೆಂಟ್ ಕಡಿಮೆಯಾದರೂ ಏನೂ ಇಲ್ಲ. ಅದು ಸಿಕ್ಕರೆ ಊರಿನಲ್ಲಿ ಸ್ವಂತದ್ದೊಂದು ಚಿಕ್ಕ ಮನೆ ಮಾಡಿಕೊಂಡು, ಸಹಾಯಕ್ಕೆ ಒಬ್ಬಳನ್ನಿಟ್ಟುಕೊಂಡು ಇರಬೇಕೆಂಬುದು ವಾರಿಜಕ್ಕನ ಆಸೆ. ತಮ್ಮನ ಮನೆಯಲ್ಲಿ ಯಾರೂ ಒಂದು ಮಾತು ಆಡಿದವರಲ್ಲ. ಆದರೂ ಅವರು ಊಟದ ಮೇಜಿನಲ್ಲಿ ಎರಡನೇ ಸಲ ಬಡಿಸಿಕೊಂಡದ್ದನ್ನು ನಾನು ಕಂಡಿಲ್ಲ.

ದಿನಕರ ಸದಾ ಪ್ರಯಾಣದಲ್ಲಿರುತ್ತಿದ್ದುದರಿಂದ ಕಾಗದಪತ್ರ ನನ್ನ ಪಾಲಿಗೆ ಬಂತು. ಅರ್ಜಿಯಲ್ಲಿ ದಿನನಿತ್ಯದ ಕೆಲಸಗಳ ಬಗ್ಗೆ ಕೇಳಿದ್ದನ್ನು ನಾನು ಒಂದೊಂದಾಗಿ ಓದಿ ಹೇಳಿದೆ.

“ಬಟ್ಟೆ ನೀವೇ ಹಾಕಿಕೊಳ್ತೀರಾ?”

“ಹಾಕ್ತೇನಲ್ಲ. ಸ್ವಲ್ಪ ಹೊತ್ತು ಹಿಡೀತದೆ.”

“ಕಷ್ಟ ಅಂತ ಬರೀಲಾ?”

“ಕಷ್ಟ ಯಾರಿಗಿಲ್ಲ ಮಾರಾಯ್ರೆ? ಆಗ್ತದೆ ಅಂತ ಬರೀರಿ.”

ಅಡುಗೆಗೂ ಹಾಗೇ, ಸ್ನಾನಕ್ಕೂ ಹಾಗೇ. ಅವರು ಹೇಳಿದಂತೆಯೇ ಬರೆದೆ.

ತಿಂಗಳುಗಳಾದ ಮೇಲೆ ಉತ್ತರ ಬಂತು. ವಾರಿಜಕ್ಕ ಅದನ್ನು ರೋಗಿಯ ಚಾರ್ಟ್ ನೋಡುವವರಂತೆ ನಿಂತುಕೊಂಡೇ ಓದಿ ನನ್ನ ಕೈಗೆ ಕೊಟ್ಟರು.

“ಇಂಜೆಕ್ಷನ್‌ನಿಂದಲೇ ಆದದ್ದು ಅಂತ ಒಪ್ಪಿದ್ದಾರೆ. ಆದದ್ದು ಸಾಕಾಗಲಿಲ್ಲವಂತೆ.”

ಅಷ್ಟು ಹೇಳಿ ಚಹಾಕ್ಕೆ ನೀರಿಟ್ಟರು.

ಮರುಪರಿಶೀಲನೆ ಕೇಳಬಹುದಿತ್ತು. ಪಡುವ ಪಾಡು ಕಾಣುವಂಥ ಒಂದು ವಿಡಿಯೋ ಸೇರಿಸಿ ಎಂದು ಪರಿಚಯದ ಡಾಕ್ಟರೊಬ್ಬರು ಸೂಚಿಸಿದರು. ಒಂದು ಶುಕ್ರವಾರ ನಾನು ಮೊಬೈಲ್ ಹಿಡಿದು ನಿಂತೆ. ವಾರಿಜಕ್ಕ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಒಂದೇ ಕೈಯಲ್ಲಿ ಚಪಾತಿ ಲಟ್ಟಿಸತೊಡಗಿದರು. ಮಣೆ ಜಾರಿತು, ಹಿಟ್ಟಿನ ಪಾತ್ರೆ ನೆಲಕ್ಕೆ ಬಿತ್ತು. ಬಗ್ಗಿ ಎತ್ತಲು ಹೋಗಿ ಅವರೂ ಮಂಡಿಯೂರಿ ಕುಸಿದರು. ನಾನು ಓಡಿಹೋಗಿ ಎಬ್ಬಿಸಿದೆ.

“ಇದು ಬೇಡ. ಇನ್ನೊಮ್ಮೆ ತೆಗೀರಿ” ಎಂದರು.

“ಅಕ್ಕ, ಅವರಿಗೆ ಬೇಕಾದ್ದೇ ಇದು.”

“ನನ್ನನ್ನು ಹಾಗೆ ಯಾರೂ ನೋಡುವುದು ಬೇಡ.”

ಎರಡನೇ ಸಲ ಚಪಾತಿ ಗುಂಡಗೆ ಬಂತು. ಅವರು ಕ್ಯಾಮೆರಾ ನೋಡಿ ಸ್ವಲ್ಪ ನಕ್ಕರು ಕೂಡ. ಮೊದಲನೆಯದನ್ನು ಅವರೆದುರೇ ಅಳಿಸಿ, ಎರಡನೆಯದನ್ನು ಕಳಿಸಿದೆ. ತೀರ್ಮಾನ ಬದಲಾಗಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಪತ್ರವನ್ನೂ ಹಳೆಯದರ ಜೊತೆ ಫೈಲಿಗೆ ಸೇರಿಸಿದೆ.

ಕುಂದಾಪುರದ ತಂಗಿಯ ಮನೆಗೆ ಹೋಗಿ ಇರುತ್ತೇನೆಂದು ವಾರಿಜಕ್ಕ ಆಮೇಲೆ ತೀರ್ಮಾನಿಸಿದರು. ಹೊರಟ ದಿನ ಕೆಳಗೆ ಪಾರ್ಕಿಂಗಿನಲ್ಲಿ ದಿನಕರ ಪೆಟ್ಟಿಗೆಗಳನ್ನು ಕಾರಿನ ಡಿಕ್ಕಿಗೆ ತುಂಬಿಸುತ್ತಿದ್ದ. ಅವರು ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ನನ್ನನ್ನು ಹತ್ತಿರ ಕರೆದರು.

“ಒಂದು ಕೇಳ್ತೇನೆ. ನೀವು ದಿನಾ ನೋಡಿದವರು. ನೀವಾದ್ರೆ ನನಗೆ ಎಷ್ಟು ಪರ್ಸೆಂಟ್ ಹಾಕ್ತಿದ್ರಿ?”

ಅವರಿಗೆ ಸಮಾಧಾನವಾದೀತೆಂದು, “ಅರವತ್ತು” ಎಂದೆ. “ಅರವತ್ತರ ಮೇಲೆಯೇ.”

ವಾರಿಜಕ್ಕ ನನ್ನ ಮುಖವನ್ನೇ ನೋಡಿದರು.

“ಅಷ್ಟು ಉಂಟಾ ನನಗೆ?”

ಅಷ್ಟರಲ್ಲಿ ದಿನಕರ ಬಂದು ಅಕ್ಕನ ಸೀಟ್ ಬೆಲ್ಟ್ ಹಾಕಲು ಬಗ್ಗಿದ. ಅವರು ಈ ಸಲ ಬೇಡ ಎನ್ನಲಿಲ್ಲ.